ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ಕಾಶಿಗೆ ಹೋದವರು ತಮಗೆ ಬಲು ಪ್ರೀತಿಯದೊಂದು ತಿನಿಸನ್ನು ಅಲ್ಲಿಯೇ ಬಿಟ್ಟು ಬರಬೇಕು, ಮತ್ತೆ ಈ ಜನ್ಮದಲ್ಲಿ ಅದನ್ನು ಮುಟ್ಟಬಾರದು ಎಂಬ ಪದ್ಧತಿಯನ್ನು ಯಾವ ಪುಣ್ಯಾತ್ಮ ಹಾಕಿಕೊಟ್ಟನೋ ತಿಳಿಯದು. ಆದರೆ ಆ ಪುಣ್ಯಾತ್ಮನಿಗೆ ಗುರೆಳ್ಳು ಪುಡಿ ತುಂಬಿದ ಬದನೆಕಾಯಿ ಎಣಗಾಯಿಯ ರುಚಿ ಗೊತ್ತಿರಲಿಲ್ಲ, ಗೊತ್ತಿದ್ದರೆ ಇಂಥ ಕಾಯಿದೆ ಮಾಡುತ್ತಲೇ ಇರಲಿಲ್ಲ ಎಂಬುದು ಗೋಕಾಕದ ದುಂಡಪ್ಪನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಅವನು ಸುಮ್ಮನೆ ಬಂದವನಲ್ಲ, ಬಹಳ ಹೊಟ್ಟೆ ಉರಿಸಿಕೊಂಡು ಬಂದವನು.

ದುಂಡಪ್ಪ ಗೋಕಾಕದ ಬಜಾರದಲ್ಲಿ ಯಾತ್ರಾ ಕಂಪನಿ ನಡೆಸುತ್ತಿದ್ದ. ಕಂಪನಿ ಎಂದರೆ ಒಂದು ಅರಿವೆ ಅಂಗಡಿಯ ಕಟ್ಟೆಯ ಮೇಲೆ ಒಂದು ಮೇಜು, ಗಿರಾಕಿಗಳಿಗೆ ಕೂಡಲು ಒಂದು ಬಾಕು, ಗೋಡೆಗೆ ಒಂದು ಭಾರತದ ನಕಾಶೆ. (ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ಕಳೆದಿದ್ದರೂ ಆ ನಕಾಶೆಯಲ್ಲಿ ಅದಿನ್ನೂ ಮುಂಬಯಿ ಪ್ರಾಂತದಲ್ಲೇ ಹಾಯಾಗಿತ್ತು. ಹೊಸ ನಕಾಶೆ ಕೊಳ್ಳುವಷ್ಟು ದೇಶಾಭಿಮಾನ ದುಂಡಪ್ಪನಿಗೆ ಇನ್ನೂ ಬಂದಿರಲಿಲ್ಲ.) ಮಾಲಕ, ಮ್ಯಾನೇಜರ, ಗುಮಾಸ್ತ, ಜವಾನ ಎಲ್ಲವೂ ಅವನೇ. ಬೋರ್ಡಿನ ಮೇಲೆ ಮಾತ್ರ ‘ಸ್ವಂತ ಅನುಭವದಿಂದ ಯಾತ್ರೆ ಮಾಡಿಸಲಾಗುವುದು’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದ.

ಅನುಭವ ಸುಳ್ಳಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಗಂಟುಮೂಟೆ ಹೊತ್ತು ಅವನು ಕಾಶಿಗೆ ಹೋಗಿ ಬಂದದ್ದುಂಟು. ಅಲ್ಲಿ ಅವನು ಮಾಡಿದ್ದಿಷ್ಟೇ: ಘಾಟಿನಲ್ಲಿ ಚಪ್ಪಲಿ ಕಳೆದುಕೊಂಡ, ಮೊಸರು ಹೆಚ್ಚು ತಿಂದು ಮಲಗಿದ. ಆದರೆ ಅದೊಂದೇ ಪ್ರವಾಸದಿಂದ ಅವನು ಇಷ್ಟು ವರ್ಷ ಕಥೆ ತೆಗೆಯುತ್ತಿದ್ದ, ಬಾವಿ ಬತ್ತಿರಲಿಲ್ಲ. ಕೇಳಿದವರಿಗೆ ಕೂತಲ್ಲೇ ಗಂಗೆಯ ತಂಪು ತಾಗಬೇಕು, ಹಾಗೆ ಹೇಳುತ್ತಿದ್ದ. ಇದನ್ನೆಲ್ಲ ಮನೆಯಲ್ಲಿ ಕೇಳಿ ಕೇಳಿ ಬೇಸತ್ತವಳು ಅವನ ಹೆಂಡತಿ ಕಾಶೆವ್ವ. ಹೆಸರಿನಲ್ಲಿ ಕಾಶಿ ಇಟ್ಟುಕೊಂಡ ಆಕೆ ಗೋಕಾಕ ರೋಡ ಸ್ಟೇಷನ್ನಿನಿಂದ ಆಚೆ ಒಂದು ಹೆಜ್ಜೆ ಇಟ್ಟವಳಲ್ಲ. ತನ್ನನ್ನೂ ಒಮ್ಮೆ ಕರೆದೊಯ್ಯಿರಿ ಎಂದು ಎಷ್ಟು ಸಲ ಕೇಳಿದರೂ, ಗಿರಾಕಿ ಕೂಡುವ ಜಾಗದಲ್ಲಿ ಮನೆಯವರು ಕೂತರೆ ಧಂದೆ ಕೆಡುತ್ತದೆ ಎಂಬ ಒಂದೇ ಉತ್ತರ.

ಇಲ್ಲಿಯವರೆಗೆ ಶ್ರೀಶೈಲ, ಪಂಢರಪುರ ಎಂದು ಹತ್ತಿರದಲ್ಲೇ ಸುತ್ತಿಸುತ್ತಿದ್ದ ದುಂಡಪ್ಪ ಆ ವರ್ಷ ಕಾಶಿಯಾತ್ರೆಗೆ ಕೈ ಹಾಕಿದ. ಪುಣೆಯಿಂದ ಮುಂದಕ್ಕೆ ರೈಲಿನ ಒಂದು ಇಡೀ ಡಬ್ಬಿಯನ್ನೇ ಹಿಡಿಯಬೇಕು, ಡಬ್ಬಿ ತುಂಬಿದರೆ ಯಾತ್ರೆ, ಇಲ್ಲದಿದ್ದರೆ ಮೂರು ತಾಲೂಕಿನಲ್ಲಿ ನಗೆಪಾಟಲು. ತಿಂಗಳಾದರೂ ಅರ್ಧ ಡಬ್ಬಿಯೂ ತುಂಬಲಿಲ್ಲ. ಅಂಥ ಹೊತ್ತಿನಲ್ಲಿ ಮೂಡಲಗಿಯ ಶಿವಗಂಗವ್ವ ಬಂದು ಬಾಕಿನ ಮೇಲೆ ಕೂತರು. ಶೇಂಗಾ ವ್ಯಾಪಾರದ ದೊಡ್ಡ ಮನೆತನದ ಹಿರಿಯ ಹೆಣ್ಣುಮಗಳು. ಆಕೆ ಹೊರಟರೆ ಆಕೆಯ ಓಣಿ ಹೊರಡುತ್ತದೆ, ಓಣಿ ಹೊರಟರೆ ಹುಕ್ಕೇರಿಯ ಬೀಗರು ಹೊರಡುತ್ತಾರೆ ಎಂಬುದು ದುಂಡಪ್ಪನಿಗೆ ಗೊತ್ತು. ಮಾಮೂಲಿನ ಕಥೆಗೆ ಇನ್ನೆರಡು ಘಾಟು ಸೇರಿಸಿ ಹೇಳಿದ. ಶಿವಗಂಗವ್ವ ಎಲ್ಲ ಕೇಳಿ, ಕಡೆಗೆ ಒಂದೇ ಪ್ರಶ್ನೆ ಹಾಕಿದರು.

“ಅದೆಲ್ಲಾ ಖರೆ ತಮ್ಮಾ. ಕಾಶಿಯೊಳಗ ನೀ ಏನ್ ಬಿಟ್ಟಿ?”

ದುಂಡಪ್ಪ ಏನೂ ಬಿಟ್ಟಿರಲಿಲ್ಲ. ಅಂದು ಮೊಸರಿನ ದೆಸೆಯಿಂದ ಮಲಗಿದ್ದವನಿಗೆ ಬಿಡುವ ಪ್ರಸಂಗವೇ ಬಂದಿರಲಿಲ್ಲ. ಆದರೆ ಏನೂ ಬಿಟ್ಟಿಲ್ಲವೆಂದರೆ ಕಾಶಿಗೇ ಹೋಗಿಲ್ಲ ಎಂದಂತೆ. ಯಾವುದೋ ಕಾಣದ ಹಣ್ಣಿನ ಹೆಸರು ಹೇಳಿದರೆ ಮುದುಕಿ ನಂಬುವವಳಲ್ಲ. ಅದೇ ಗಳಿಗೆಗೆ ಬೆಳಿಗ್ಗೆ ಉಂಡ ಎಣಗಾಯಿಯ ತೇಗು ಬಂತು. ತೇಗಿನ ಜೊತೆಗೇ ಮಾತೂ ಬಂದುಬಿಟ್ಟಿತು.

“ಬದನಿಕಾಯಿ ಬಿಟ್ಟೇನ್ರಿ ಅಕ್ಕಾರ. ಎಣಗಾಯಿ ಅಂದ್ರ ಜೀವಾ ಬಿಡತಿದ್ದೆ. ಜೀವಾ ಬಿಡೂಕಿಂತ ಬದನಿಕಾಯಿನ ಬಿಡೂನು ಅಂತ ಗಂಗವ್ವನ ಕೈಯಾಗ ಹಾಕಿ ಬಂದೆ.”

ಶಿವಗಂಗವ್ವನ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು, ಹಿತ್ತಿಲ ಗಿಡದಲ್ಲೇ ಬದನೆಕಾಯಿ ಜೋತಾಡುವ ಈ ನಾಡಿನಲ್ಲಿ ಹುಟ್ಟಿ ಅದನ್ನು ಬಿಟ್ಟ ಗಂಡಸನ್ನು ತಾನು ನೋಡಿಯೇ ಇರಲಿಲ್ಲ, ಇಂಥವನ ಬೆನ್ನು ಹತ್ತಿ ಕಾಶಿಗೇನು, ಕೈಲಾಸಕ್ಕೂ ಹೋಗಬಹುದು ಎಂದರು. ಎಂಟು ದಿನ ಕಳೆಯುವುದರೊಳಗೆ ಡಬ್ಬಿ ತುಂಬಿತು.

ಡಬ್ಬಿ ತುಂಬಿತು, ದುಂಡಪ್ಪನ ಹೊಟ್ಟೆ ಮಾತ್ರ ಬರಿದಾಗತೊಡಗಿತು. ಯಾತ್ರಿಕರ ಮನೆಮನೆಗೆ ಹೋಗಿ ಹಾಸಿಗೆ ಎಷ್ಟು, ಚಾದರ ಎಷ್ಟು ಎಂದು ತಿಳಿಸಿ ಬರಬೇಕಿತ್ತು, ಹೋದಲ್ಲೆಲ್ಲ ಊಟಕ್ಕೆ ಕೂಡಿಸುತ್ತಿದ್ದರು. ಆದರೆ ಶಿವಗಂಗವ್ವನ ಬಾಯಿಯಿಂದ ಅವನ ಮಹಾತ್ಯಾಗದ ವಾರ್ತೆ ಅವನಿಗಿಂತ ಮುಂದೆ ಓಡಿತ್ತು. ಕೊಣ್ಣೂರಿನಲ್ಲಿ ತಾಟಿಗೆ ಬಂದ ಎಣಗಾಯಿಯನ್ನು ಮನೆಯೊಡತಿ ನಾಲಿಗೆ ಕಚ್ಚಿಕೊಂಡು ವಾಪಸು ಒಯ್ದಳು. ಘೋಡಗೇರಿಯಲ್ಲಿ ಅವನ ಕಣ್ಣಿಗೆ ಬೀಳಬಾರದೆಂದು ಬದನೆಕಾಯಿಯ ಬುಟ್ಟಿಯನ್ನೇ ಹಿತ್ತಿಲಿಗೆ ಸಾಗಿಸಿದರು. ಹುಕ್ಕೇರಿಯಲ್ಲಂತೂ ಪಕ್ಕದ ಎಲೆಯವರು ಅವನ ಮೇಲಿನ ಭಕ್ತಿಯಿಂದ ಗೋಡೆಯ ಕಡೆ ಮುಖ ಮಾಡಿ ಕೂತು ತಿಂದರು. ವಾಸನೆಗೆ ಗೋಡೆಯ ಅಡ್ಡಿ ಇರಲಿಲ್ಲ.

ಮನೆಯಲ್ಲಿ ತಿಂದರಾಯಿತು ಎಂದು ಓಡಿ ಬಂದರೆ ಕಾಶೆವ್ವ ಬೇಳೆ ಮುಂದಿಟ್ಟಳು. ಬದನೆಕಾಯಿ ಎಲ್ಲಿ ಎಂದದ್ದಕ್ಕೆ ಕೈಯಲ್ಲಿದ್ದ ರೊಟ್ಟಿಯನ್ನು ಸಮಾಧಾನದಿಂದ ಬಡಿಯುತ್ತ ಹೇಳಿದಳು.

“ಬಿಟ್ಟೀರಂತಲ್ರಿ. ಓಣಿಯಾಗೆಲ್ಲಾ ಅದs ಸುದ್ದಿ. ನಿನ್ನೆ ಶಿವಗಂಗವ್ವಕ್ಕಾರು ಇಲ್ಲೇ ಬಂದು ನನ್ನ ಕೈ ಹಿಡದು, ನೀ ಪುಣ್ಯಾ ಮಾಡಿ ಬಂದಾಕಿ ಅಂದ್ರು. ಗುರೆಳ್ಳ ಹುರದ್ರ ವಾಸನಿ ಬಜಾರಕ್ಕ ಹೊಕ್ಕೈತಿ. ಯಾರರ ಕೇಳಿದ್ರ ನಾ ಏನ ಹೇಳ್ಲಿ?”

“ಬಾಗಲಾ ಹಾಕ್ಕೊಂಡು ಮಾಡು.”

“ಬಾಗಲಾ ಹಾಕಿದ್ರ ಹೊಗಿ ಆಕ್ಕೈತ್ರಿ. ಕಾಶಿಗೆ ಹೋಗಿ ಗಂಗಾಸ್ನಾನ ಮಾಡಿ ಬಂದ ಕಣ್ಣಾಗಿದ್ರ ಹೊಗಿ ತಡಕೋಬಹುದಿತ್ತು.”

ದುಂಡಪ್ಪ ವ್ಯಾಪಾರಿ. ಮಾತು ಎತ್ತ ಹೊರಟಿದೆ ಎಂಬುದು ಅವನಿಗೆ ತಿಳಿಯದೆ ಹೋಗಲಿಲ್ಲ. ಮೂರು ದಿನ ಬೇಳೆ ತಿಂದ, ನಾಲ್ಕನೆಯ ದಿನ ಸೋತ. ಡಬ್ಬಿಯಲ್ಲಿ ಕಾಶೆವ್ವನಿಗೊಂದು ಜಾಗ ಬಂತು, ಅದೂ ಕಿಟಕಿಯ ಬಾಜೂಕ್ಕೆ. ಆ ದಿನ ಮನೆಯ ಕದ ಮುಚ್ಚಿತು, ಹೊಗೆ ತುಂಬಿತು, ಗಂಡ ಹೆಂಡತಿ ಇಬ್ಬರೂ ಕೆಮ್ಮುತ್ತ ಕಣ್ಣೀರು ಸುರಿಸುತ್ತ ಎಣಗಾಯಿ ಉಂಡರು. ಮದುವೆಯಾದ ಮೇಲೆ ಅಷ್ಟು ಪ್ರೀತಿಯಿಂದ ಅವರು ಎದುರುಬದುರು ಕೂತದ್ದೇ ಇಲ್ಲ.

ಆದರೂ ದುಂಡಪ್ಪನಿಗೆ ಒಳಗೊಳಗೆ ಅಳುಕು ಹೊಕ್ಕಿತ್ತು. ಜನರ ಮುಂದೆ ಸುಳ್ಳು ಹೇಳುವುದು ಅವನ ಧಂದೆ, ಅದಕ್ಕೆ ಅವನು ಅಂಜಿದವನಲ್ಲ. ಗಂಗೆಯ ಹೆಸರಿನಲ್ಲಿ ಸುಳ್ಳು ಹೇಳಿ, ಈಗ ಅದೇ ಗಂಗೆಯ ದಂಡೆಗೆ ಹೋಗಿ ನಿಲ್ಲುವುದಿತ್ತಲ್ಲ, ಅದು ಬೇರೆ ಮಾತು. ಪುಣೆಯಲ್ಲಿ ಗಾಡಿ ಬದಲಿಸಿ, ಕಾಶೆವ್ವ ಕಿಟಕಿಯ ಸಲಾಕೆ ಹಿಡಿದುಕೊಂಡು ಓಡುವ ಗಿಡಗಳನ್ನು ನೋಡುತ್ತ ಚಿಕ್ಕ ಹುಡುಗಿಯಂತಾಗಿದ್ದಾಗ, ದುಂಡಪ್ಪ ಅವಳ ಬಾಜೂಕ್ಕೆ ಕೂತು ಇದರ ಪರಿಹಾರವನ್ನು ವಿಚಾರ ಮಾಡುತ್ತಿದ್ದ. ಕಾಶಿ ಬರುವಷ್ಟರಲ್ಲಿ ಹೊಳೆಯಿತು. ಅದಲುಬದಲು.

ಯಾತ್ರಿಕರೆಲ್ಲ ಜಂಗಮವಾಡಿ ಮಠದಲ್ಲಿ ಇಳಿದುಕೊಂಡರು. ಮರುದಿನ ಅವರನ್ನೆಲ್ಲ ಶಿವಗಂಗವ್ವನ ಸುಪರ್ದಿಗೆ ಒಪ್ಪಿಸಿ ಒಂದು ಘಾಟಿಗೆ ಕಳಿಸಿ, ತಾನು ಯಾರೂ ಇಲ್ಲದ ಇನ್ನೊಂದು ಘಾಟಿಗೆ ಇಳಿದ. ಮುಳುಗು ಹಾಕಿ ಎದ್ದು, ಛತ್ರಿಯ ಕೆಳಗೆ ಕೂತಿದ್ದ ಪಂಡಾನ ಮುಂದೆ ಕೈ ಮುಗಿದು, ತನಗೆ ಬರುವಷ್ಟು ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, “ಮಹಾರಾಜ್, ಬೈಂಗನ್ ವಾಪಸ್, ಕರೇಲಾ ಜಮಾ” ಎಂದ. ಪಂಡಾ ಎಷ್ಟೋ ಜನರನ್ನು ನೋಡಿದವನು, ಬಿಟ್ಟದ್ದನ್ನು ಮರಳಿ ಕೇಳುವ ಗಿರಾಕಿಯನ್ನು ಅಂದೇ ನೋಡಿದ್ದು. ಆದರೂ ದಕ್ಷಿಣೆಯನ್ನು ನೋಡಿ ಮಂತ್ರ ಹೇಳಿದ. ಹೀಗೆ ದುಂಡಪ್ಪ ತಾನು ಎಂದೂ ಬಿಡದಿದ್ದ ಬದನೆಕಾಯಿಯನ್ನು ವಿಧಿಪೂರ್ವಕವಾಗಿ ಮರಳಿ ಪಡೆದು, ಹುಟ್ಟಿದಾಗಿನಿಂದ ಬಾಯಿಗೆ ಸೇರದ ಹಾಗಲಕಾಯಿಯನ್ನು ಗಂಗೆಯ ಸಾಕ್ಷಿಯಾಗಿ, ಈ ಸಲ ಖರೇನೇ, ಬಿಟ್ಟುಬಿಟ್ಟ. ಮನಸ್ಸು ಹಗುರಾಯಿತು. ಊರು ಮುಟ್ಟಿದ ಕೂಡಲೇ ಕದ ಹಾಕಿಸಿ ಎಣಗಾಯಿ ಮಾಡಿಸಬೇಕು ಎಂದು ಮೆಟ್ಟಿಲು ಹತ್ತುವಾಗಲೇ ಬಾಯಲ್ಲಿ ನೀರು ಬಂತು.

ಮಠಕ್ಕೆ ಬಂದು ಈ ಚತುರತೆಯನ್ನು ಕಾಶೆವ್ವನಿಗೆ ಗುಟ್ಟಾಗಿ ಹೇಳಿದ. ಆಕೆ ನಗಲಿಲ್ಲ. ಒದ್ದೆ ಕೂದಲು ಕೊಡವಿಕೊಳ್ಳತೊಡಗಿದಳು.

“ನೀ ಏನ್ ಬಿಟ್ಟಿ?” ಎಂದು ಕೇಳಿದ.

“ಬದನಿಕಾಯಿ.”

ದುಂಡಪ್ಪ ಕಂಬಕ್ಕೆ ಒರಗಿ ನಿಂತ. ಆಕೆ ನಡೆದದ್ದನ್ನು ಹೇಳಿದಳು. ಮೊದಲು ಶಿವಗಂಗವ್ವ ನೀರಿಗಿಳಿದು, ದುಂಡಪ್ಪನಂಥ ಗಂಡಸೇ ಬಿಟ್ಟ ಮೇಲೆ ನಮಗೇನು ದೊಡ್ಡದು ಎಂದು ಬದನೆಕಾಯಿ ಬಿಟ್ಟರು. ಅವರ ಹಿಂದೆ ಮೂಡಲಗಿಯವರು ಬಿಟ್ಟರು, ಹುಕ್ಕೇರಿಯವರು ಬಿಟ್ಟರು, ಕೊಣ್ಣೂರಿನವರೂ ಘೋಡಗೇರಿಯವರೂ ಬಿಟ್ಟರು. ಇಡೀ ಡಬ್ಬಿ ಒಂದೇ ದನಿಯಲ್ಲಿ ಬದನೆಕಾಯಿ ಬಿಟ್ಟಿತು. ಕಡೆಗೆ ಎಲ್ಲರೂ ಕಾಶೆವ್ವನ ಮುಖ ನೋಡಿದರು.

“ಗಂಡ ಬಿಟ್ಟಿದ್ದನ್ನ ಹೆಂಡ್ತಿ ತಿಂತಾಳೇನು ಅಂತ ಕೇಳಿದ್ರ, ನಾ ನಿಮ್ಮ ಮಾನಾ ಉಳಸ್ಲ್ಯೋ, ಬದನಿಕಾಯಿ ಉಳಸ್ಲ್ಯೋ?”

“ತಿನ್ನೂದs ಬಿಟ್ಟಿ ಹೌದಲ್ಲ, ಮಾಡೂದು ಬಿಟ್ಟಿಲ್ಲಲ್ಲ?” ದುಂಡಪ್ಪನ ದನಿಯಲ್ಲಿ ಇನ್ನೂ ಆಸೆಯಿತ್ತು.

“ಉಪ್ಪು ನೋಡಲಾರದ ಪಲ್ಯಾ ಹ್ಯಾಂಗ ಮಾಡ್ಲಿ? ಮುಟ್ಟೂದನೂ ಬಿಟ್ಟೇನಿ. ಶಿವಗಂಗವ್ವಕ್ಕಾರು ಹಂಗs ಹೇಳಿಸಿದ್ರು.”

ಆಕೆಗೂ ಎಣಗಾಯಿ ಕಡಿಮೆ ಪ್ರೀತಿಯದಲ್ಲ. ಅದನ್ನು ನೆನೆದು ದುಂಡಪ್ಪನಿಗೆ ನಿಜವಾಗಿ ಕೆಡುಕೆನಿಸಿತು. ಮರುಗಳಿಗೆ ತನ್ನನ್ನು ನೆನೆದು ಇನ್ನೂ ಹೆಚ್ಚು ಕೆಡುಕೆನಿಸಿತು. ತನ್ನ ಸ್ಫೂರ್ತಿಯ ಮಾತಿಗೆ ಇಷ್ಟು ಶಕ್ತಿ ಇರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮರಳುವ ದಾರಿಯಲ್ಲಿ ಕಾಶೆವ್ವ, ಮುಂದಿನ ಸಲ ರಾಮೇಶ್ವರವಂತಲ್ಲ, ಸಮುದ್ರ ನೋಡಬೇಕೆಂದಿದೆ ಎಂದಳು. ಎಣಗಾಯಿಯ ದುಃಖದಲ್ಲಿದ್ದ ದುಂಡಪ್ಪ, ಮನೆಯವರು ಕೂತರೆ ಧಂದೆ ಕೆಡುವುದನ್ನು ಈಗ ಕಣ್ಣಾರೆ ಕಂಡೆ, ಇನ್ನು ಆ ಮಾತು ಬೇಡ ಎಂದುಬಿಟ್ಟ. ಆಕೆ ಕಿಟಕಿಯ ಕಡೆ ತಿರುಗಿದಳು.

ಊರಿಗೆ ಬಂದ ಮೇಲೆ ಶಿವಗಂಗವ್ವ ಮೂಡಲಗಿಯ ತಮ್ಮ ಮನೆಗೆ ಯಾತ್ರಿಕರನ್ನೆಲ್ಲ ಊಟಕ್ಕೆ ಕರೆದರು. ರಾಮೇಶ್ವರ ಯಾತ್ರೆಯ ಗಿರಾಕಿಗಳನ್ನೂ ಅಲ್ಲೇ ಗಟ್ಟಿ ಮಾಡಿಕೊಳ್ಳಬಹುದೆಂದು ದುಂಡಪ್ಪ ಹೆಂಡತಿಯೊಡನೆ ಹುರುಪಿನಿಂದ ಹೋದ. ಪಂಕ್ತಿಯಲ್ಲಿ ಮೊದಲನೆಯ ಜಾಗ ಅವನಿಗೇ. ಜೋಳದ ರೊಟ್ಟಿ ಬಂತು, ಬೆಣ್ಣೆ ಬಂತು, ಗೋಕಾಕದಿಂದ ತರಿಸಿದ ಅಂಟು-ಬೆಲ್ಲದ ಕರದಂಟು ಬಂತು. ಆಮೇಲೆ ಶಿವಗಂಗವ್ವ ತಾವೇ ಪಾತೇಲಿ ಹಿಡಿದು ಬಂದರು. ಗುರೆಳ್ಳಿನ ಘಮ ಮೂಗಿಗೆ ಬಡಿದು ದುಂಡಪ್ಪ ನೆಟ್ಟಗೆ ಕೂತ.

“ನಿನ್ನ ಸಲುವಾಗಿ ನನ್ನ ಕೈಯಾರೆ ಮಾಡೇನಿ ತಮ್ಮಾ. ಬದನಿಕಾಯಿ ಅಂತೂ ಬಿಟ್ಟೀವಿ, ಅದs ಮಸಾಲಿ ಹಾಗಲಕಾಯಿಗೆ ತುಂಬೇನಿ.”

ದೊಡ್ಡ ದೊಡ್ಡ ಹಾಗಲಕಾಯಿಗಳು ತಾಟಿನಲ್ಲಿ ಬಂದು ಬಿದ್ದವು. ತಿಂದರೆ, ಗಂಗೆಗೆ ಅವನು ಕೊಟ್ಟ ಒಂದೇ ಒಂದು ಖರೆ ಮಾತು ಹೋಗುತ್ತದೆ. ತಿನ್ನದಿದ್ದರೆ ಯಾಕೆಂದು ಹೇಳಬೇಕು, ಹೇಳಿದರೆ ಅದಲುಬದಲಿನ ಕಥೆ ಹೊರಬಿದ್ದು ಯಾತ್ರಾ ಕಂಪನಿಯೇ ಮುಳುಗುತ್ತದೆ. ಪಂಕ್ತಿ ಪೂರಾ ಅವನ ಕೈಯನ್ನೇ ನೋಡುತ್ತಿತ್ತು. ಅವನು ಕಾಶೆವ್ವನ ಕಡೆ ನೋಡಿದ.

ಕಾಶೆವ್ವ ಸೆರಗು ಸರಿಪಡಿಸಿಕೊಂಡು, ಬಹಳ ನಮ್ರತೆಯಿಂದ ಹೇಳಿದಳು. “ಅವರು ಈ ಸಲಾ ಹಾಗಲಕಾಯಿನೂ ಬಿಟ್ಟು ಬಂದಾರ್ರಿ ಅಕ್ಕಾರ. ಹೇಳ್ಕೊಳ್ಳೂ ಮಂದಿ ಅಲ್ಲ ಅವರು.”

ಶಿವಗಂಗವ್ವನ ಕಣ್ಣು ಮತ್ತೆ ತುಂಬಿದವು. ಸಲ ಸಲಕ್ಕೂ ಒಂದೊಂದು ಬಿಡುವ ಮನುಷ್ಯ ಎಂದು ಪಂಕ್ತಿಯೆಲ್ಲ ಗುಜುಗುಜು ಎಂದಿತು. ರಾಮೇಶ್ವರಕ್ಕೆ ತಾವೆಲ್ಲ ಬರುವವರೇ ಎಂದು ಅಲ್ಲಿಯೇ ಮಾತಾಯಿತು. ದುಂಡಪ್ಪನಿಗೆ ಹೋದ ಜೀವ ಬಂತು. ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು, ಹಸಿವೆಯೂ ಉಕ್ಕಿತು. ಖುಷಿಯಿಂದ ಕರದಂಟಿನ ದೊಡ್ಡ ತುಂಡೊಂದನ್ನು ಎತ್ತಿಕೊಂಡ.

“ಹಂಗಾರ ರಾಮೇಶ್ವರದೊಳಗ ಏನ್ ಬಿಡಾವರದಾರ?” ಶಿವಗಂಗವ್ವ ಕಾಶೆವ್ವನನ್ನು ಕೇಳಿದರು. “ಅಲ್ಲಿ ಬಿಡೂ ಪದ್ಧತಿ ಐತೋ ಇಲ್ಲೋ, ನಾವಂತೂ ದುಂಡಪ್ಪ ಬಿಟ್ಟಿದ್ದನ್ನ ಬಿಡಾವ್ರು.”

ಕಾಶೆವ್ವ ಗಂಡನ ಕೈಯಲ್ಲಿದ್ದ ಕರದಂಟನ್ನು ನೋಡಿದಳು.

“ಇನ್ನೂ ಪಕ್ಕಾ ಆಗಿಲ್ರಿ ಅಕ್ಕಾರ,” ಎಂದಳು. “ನಾ ಜೋಡಿ ಹೋದ್ರ ಏನೂ ಬಿಡೂದು ಬ್ಯಾಡ ಅಂತೇನಿ. ನಾ ಮನ್ಯಾಗ ಉಳದ್ರ, ಕರದಂಟ ಬಿಡೂ ವಿಚಾರ ಐತಿ ಅವರದು.”

ದುಂಡಪ್ಪನ ಕೈ ಬಾಯಿಯ ಹತ್ತಿರ ಬಂದು ನಿಂತಿತ್ತು. ಎಲ್ಲರೂ ಕಾಯುತ್ತಿದ್ದರು. ಅವನು ಕರದಂಟನ್ನು ಕೆಳಗಿಡದೆ, ಬಾಯಿಗೂ ಹಾಕದೆ, ಸಣ್ಣ ದನಿಯಲ್ಲಿ ಹೇಳಿದ.

“ಆಕಿಗೂ ಜಾಗಾ ಹಿಡದೇನ್ರಿ. ಕಿಟಕಿ ಬಾಜೂಕ್ಕ.”