ತೆಂಗಿನಮರ ಚೆನ್ನಾಗಿ ಬಂದಿದೆ

ಹೊಸದಾಗಿ ಕ್ಯಾಮೆರಾ ಹಿಡಿದವನ ಎದುರು ಯಾರೂ ನಿಲ್ಲಬಾರದು. ಅವನು ಫೋಟೋ ತೆಗೆಯುವ ಬಗ್ಗೆ ಪುಸ್ತಕ ಬೇರೆ ಓದಿದ್ದರಂತೂ ದೇವರೇ ಕಾಪಾಡಬೇಕು. ನಾನು ಓದಿದ್ದೆ. ಎಂಬತ್ತರ ದಶಕದ ಮಾತು. ವಿಜಯನಗರದ ಬಾಡಿಗೆ ಮನೆಯಲ್ಲಿ ನಾನು, ಹೆಂಡತಿ ಗಿರಿಜೆ, ಜೊತೆಗೆ ಭಾವನಿಂದ ಎರವಲು ತಂದ ಕ್ಯಾಮೆರಾ. ಲೈಬ್ರರಿಯ ಪುಸ್ತಕದ ಪ್ರಕಾರ ಮನುಷ್ಯರನ್ನು ಚಿತ್ರದ ನಟ್ಟನಡುವೆ ನಿಲ್ಲಿಸುವುದು ಹಳ್ಳಿಗಮಾರರ ಕೆಲಸ. ಒಂದು ಪಕ್ಕಕ್ಕೆ ಸರಿಸಬೇಕು, ಅವರು ನೋಡುವ ಕಡೆ ಧಾರಾಳವಾಗಿ ಜಾಗ ಬಿಡಬೇಕು. ಧಾರಾಳದಲ್ಲಿ ನಾನು ಯಾರಿಗೂ ಕಮ್ಮಿಯಲ್ಲ.

ಗಿರಿಜೆ ಚೊಚ್ಚಲ ಹೆರಿಗೆಗೆ ದಾವಣಗೆರೆಯ ತವರಿಗೆ ಹೊರಟ ಬೆಳಿಗ್ಗೆ, ಸೀಮಂತದ ಹಸಿರು ಸೀರೆ ಉಟ್ಟವಳನ್ನು ಕಾಂಪೌಂಡಿನ ಮೂಲೆಯಲ್ಲಿ ನಿಲ್ಲಿಸಿದೆ.

“ನಡುವೆ ನಿಲ್ತೀನ್ರೀ. ಎಲ್ರೂ ಹಂಗೇ ತೆಗೀತಾರೆ.”

“ಎಲ್ರಿಗೂ ಕಾಂಪೋಸಿಷನ್ ಗೊತ್ತಿರಲ್ಲ ಕಣೇ. ನನ್ನ ನೋಡ್ಬೇಡ, ಆ ತೆಂಗಿನಮರ ನೋಡು.”

“ಕಾಲು ನೋಯ್ತಿದೆ,” ಎಂದು ಅವಳು ಗೊಣಗುತ್ತಿದ್ದರೂ ನಾನು ಹಿಂದೆ ಹಿಂದೆ ಸರಿದೆ, ಗೇಟು ಬೆನ್ನಿಗೆ ತಗುಲುವವರೆಗೆ. ಆಮೇಲೆ ಮಾವನವರು ಬಂದು ಅವಳನ್ನು ಕರೆದುಕೊಂಡು ಹೋದರು. ಪ್ರಿಂಟು ತರಲು ಹೋದಾಗ ರಾಜಾಜಿನಗರದ ಸ್ಟುಡಿಯೋದವರು, “ತೆಂಗಿನಮರ ಚೆನ್ನಾಗಿ ಬಂದಿದೆ ಸಾರ್,” ಎಂದರು. ನಾನು ಹಿಗ್ಗಿಹೋದೆ.

ಹಿಗ್ಗು ಉಳಿಯಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಬಳೆ ಸದ್ದಿಲ್ಲ, “ಚಪ್ಪಲಿ ಹೊರಗೆ ಬಿಡ್ರೀ” ಎನ್ನುವವರಿಲ್ಲ. ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆವರೆಗೂ ಹೋಗಿ ಬಂದೆ. ಬೈಯುವವರೇ ಇಲ್ಲದ ಮೇಲೆ ಅದರಲ್ಲೇನು ಸ್ವಾರಸ್ಯ? ಅವಳನ್ನು ನೋಡಬೇಕು ಅನ್ನಿಸಿ ಸಂಕಟವಾಗುತ್ತಿತ್ತು. ಮದುವೆಯ ಆಲ್ಬಮ್ಮು ಅವಳ ಜೊತೆಯೇ ಹೋಗಿತ್ತು. ಇದ್ದ ಒಂದು ಫೋಟೋದಲ್ಲಿ ಮುಕ್ಕಾಲು ಪಾಲು ಪಕ್ಕದ ಮನೆಯ ಗೋಡೆ, ನೀರಿನ ತೊಟ್ಟಿ, ಮರ. ಮೂಲೆಯಲ್ಲಿ ಹುಣಿಸೆಬೀಜದಷ್ಟು ಮುಖ, ಅದೂ ಅತ್ತ ತಿರುಗಿದ್ದು. ದೊಡ್ಡದು ಮಾಡಿಸಿದೆ. ಮರ ಇನ್ನೂ ಚೆನ್ನಾಗಿ ಬಂತು.

ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದದ್ದೇ ರಜಾ ಹಾಕಿ ಓಡಿದೆ. ತೊಟ್ಟಿಲ ಪಕ್ಕದ ಗೂಡಿನಲ್ಲಿ ನನ್ನದೊಂದು ಪಾಸ್‌ಪೋರ್ಟ್ ಸೈಜಿನ ಫೋಟೋ! ಆಫೀಸಿನ ಗುರುತಿನ ಚೀಟಿಗೆಂದು ತೆಗೆಸಿ ಉಳಿದದ್ದು. ಅಗಲಕ್ಕೆ ಎರಡು ಕಿವಿ, ಸಿಕ್ಕಿಬಿದ್ದ ಕಳ್ಳನ ಕಣ್ಣು, ನಟ್ಟನಡುವೆ ಮುಖ.

“ಆಲ್ಬಮ್ ತಂದಿದ್ಯಲ್ಲೇ, ಇದನ್ಯಾಕೆ ಇಟ್ಕೊಂಡಿದೀಯ? ಫೋಟೋ ಅಂದ್ಮೇಲೆ ಒಂದು ಕಾಂಪೋಸಿಷನ್ ಬೇಡ್ವಾ?”

“ಇದ್ರಲ್ಲಿ ನೀವೊಬ್ರೇ ಇದೀರ. ನನ್ನನ್ನೇ ನೋಡ್ತಿದೀರ. ನನಗಷ್ಟು ಸಾಕು.”

ಚೀಲದಿಂದ ಕ್ಯಾಮೆರಾ ತೆಗೆದೆ. ಅತ್ತೆ ದೃಷ್ಟಿಯಾದೀತೆಂದು ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟರು. ತಾಯಿ ಮಗು ಇಬ್ಬರನ್ನೂ ನಟ್ಟನಡುವೆ ಕೂರಿಸಿ, “ನನ್ನನ್ನೇ ನೋಡು,” ಎಂದು ಹತ್ತಿರ ಹೋದೆ. ಗೋಡೆಯೂ ಬೇಡ, ತೊಟ್ಟಿಲೂ ಬೇಡ ಎಂದು ಇನ್ನೂ ಹತ್ತಿರ ಹೋದೆ.

ಬಾಣಂತನ ಮುಗಿಯುವುದು ದೂರವಿತ್ತು. ಒಬ್ಬನೇ ವಾಪಸು ಬಂದೆ. ಸ್ಟುಡಿಯೋದವರು ಹೊಸ ಪ್ರಿಂಟನ್ನು ಹಿಂದೆ ಮುಂದೆ ಹಿಡಿದು ನೋಡಿದರು.

“ತುಂಬಾ ಹತ್ರ ಹೋಗ್ಬಿಟ್ಟಿದೀರ ಸಾರ್. ಎಲ್ಲಾ ಮಬ್ಬು. ಯಾರಿದು?”

“ನಮ್ಮನೆಯವಳು,” ಎಂದು ಜೇಬಿಗಿಟ್ಟುಕೊಂಡೆ. ಮನೆಗೆ ಬಂದು, ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟೆ.