ಎಡಗೈ ಬಂದೂಕು ಮತ್ತು ಬೇಕರಿಯ ಫ್ರಿಜ್ಜು

ಸೋಲುವ ವಾದವನ್ನೂ ನಾಲ್ಕು ನಿಮಿಷ ಎಳೆಯಬಲ್ಲೆ ಎಂಬುದು ನನ್ನ ಏಕೈಕ ಪ್ರತಿಭೆ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಅದರಿಂದಲೇ ಹೊಟ್ಟೆ ತುಂಬಿಸಿಕೊಂಡೆ. ಬಹುಮಾನ ಯಾರಿಗೇ ಹೋಗಲಿ, ಊಟ ಎರಡೂ ಪಕ್ಷಕ್ಕೆ ಇರುತ್ತಿತ್ತು. ಈ ಅಭ್ಯಾಸದ ತೊಂದರೆ ಏನೆಂದರೆ, ಕಾಲೇಜು ಬಿಟ್ಟ ಮೇಲೆ ಸಮಯ ಮುಗಿಯಿತು ಎಂದು ಗಂಟೆ ಹೊಡೆಯುವವರು ಯಾರೂ ಇರುವುದಿಲ್ಲ. ಆಟೋದವರು ಮುಂದೆ ರಸ್ತೆ ಅಗೆದಿದ್ದಾರೆ ಎಂದರೆ ಆಧಾರ ಕೇಳುತ್ತೇನೆ. ಹೋಗಿ, ಗುಂಡಿ ನೋಡಿ, ವಾಪಸು ಬಂದಿದ್ದೂ ಇದೆ. ನಿನಗೆ ಗಂಡು ಹುಡುಕುವುದಕ್ಕಿಂತ ಒಬ್ಬ ತೀರ್ಪುಗಾರನನ್ನು ಹುಡುಕುವುದು ಮೇಲು ಎಂದು ಅಮ್ಮ ಹೇಳುತ್ತಾಳೆ. ಆ ಮಾತನ್ನೂ ನಾನು ಖಂಡಿಸಿದ್ದೇನೆ.

ಇಂಥವಳು ರೈಫಲ್ ಕ್ಲಬ್ಬಿಗೆ ಸೇರಿದ್ದು ಅಲ್ಲಿ ಯಾರೂ ಮಾತಾಡುವುದಿಲ್ಲ ಎಂಬ ಕಾರಣಕ್ಕೆ. ಭಾನುವಾರ ಕಾಡುಗೋಡಿಯಿಂದ ಮೊದಲ ಮೆಟ್ರೋ ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ತುಮಕೂರು ರಸ್ತೆಯಾಚೆಯ ಮೈದಾನದಲ್ಲಿ ಹೊಟ್ಟೆಯಡಿಗೆ ಚಾಪೆ ಹಾಸಿಕೊಂಡು ಮಲಗುತ್ತೇನೆ. ಐವತ್ತು ಮೀಟರ್ ದೂರದಲ್ಲಿ ಒಂದು ಕಾಗದ. ತೂತು ಎಲ್ಲಿ ಬಿತ್ತೋ ಅಲ್ಲಿ ಬಿತ್ತು, ಅದರ ಮೇಲೆ ಮೇಲ್ಮನವಿ ಇಲ್ಲ. ಒಂದೇ ಸಮಸ್ಯೆ ಎಂದರೆ ನಾನು ಎಡಚಿ. ನಮ್ಮ ರೈಫಲ್‌ಗಳಲ್ಲಿ ಪ್ರತಿ ಗುಂಡಿಗೂ ಪಕ್ಕದ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದೆ ದಬ್ಬಿ ಮುಚ್ಚಬೇಕು. ಆ ಹಿಡಿ, ಅಂದರೆ ಬೋಲ್ಟ್, ಎಡಗಡೆ ಇರುವ ರೈಫಲ್ ಕ್ಲಬ್ಬಿನಲ್ಲಿ ಇರುವುದು ಒಂದೇ. ಅದರ ಟ್ರಿಗರ್ ಎಷ್ಟು ಹಗುರ ಎಂದರೆ ಬೆರಳಿಗೆ ಆಲೋಚನೆ ಬಂದರೆ ಸಾಕು, ಗುಂಡು ಹೊರಟಿರುತ್ತದೆ.

ರಾಜ್ಯ ತಂಡದ ಆಯ್ಕೆಗೆ ಎರಡು ವಾರ ಇದೆ ಎನ್ನುವಾಗ, ಜನವರಿಯ ಒಂದು ಬೆಳಿಗ್ಗೆ, ಅದು ನನ್ನ ಆಲೋಚನೆಗೂ ಕಾಯದಾಯಿತು. ಬೋಲ್ಟ್ ಮುಚ್ಚಿದೆ, ಟ್ರಿಗರ್ ಮುಟ್ಟುವ ಮೊದಲೇ ಒಳಗೆ ಟಕ್ ಎಂದಿತು. ಗುಂಡು ಹಾರಲಿಲ್ಲ. ಇನ್ನೊಂದು ಹಾಕಿದೆ, ಸರಿಯಾಗಿ ಹಾರಿತು. ಮೂರನೆಯದಕ್ಕೆ ಮತ್ತೆ ಟಕ್. ಕ್ಲಬ್ಬಿನ ಕಾರ್ಯದರ್ಶಿ ಸೋಮಶೇಖರ್ ಸಾರ್ ಅಲ್ಲಿಗೇ ನಿಲ್ಲಿಸಿದರು. ಮುಟ್ಟದೆ ಬೀಳುವ ಟ್ರಿಗರ್ ಇವತ್ತು ಟಕ್ ಅನ್ನುತ್ತದೆ, ನಾಳೆ ಢಂ ಅನ್ನಬಹುದು. ಇದು ಸರಿಯಾಗದೆ ನಿನ್ನನ್ನು ಆಯ್ಕೆಗೆ ಬಿಡುವುದಿಲ್ಲ ಎಂದರು. ಬಲಗೈ ರೈಫಲ್‌ನಲ್ಲಿ ಹೊಡೆಯುವುದು ನನಗೆ ಬಲಗಾಲಲ್ಲಿ ರಂಗೋಲಿ ಬಿಟ್ಟಂತೆ. ಇದೊಂದು ಕೈಕೊಟ್ಟರೆ ಎರಡು ವರ್ಷದ ಭಾನುವಾರಗಳೆಲ್ಲ ನೀರುಪಾಲು.

ನಾನು ಗೊತ್ತಿದ್ದ ಕೆಲಸಕ್ಕೆ ಇಳಿದೆ, ವಾದಿಸಿದೆ. ತಪ್ಪು ತೋಟಾದ್ದು ಎಂದು ಎರಡು ಪುಟದ ಮನವಿ ಬರೆದೆ. ಬೇರೆ ಪೆಟ್ಟಿಗೆಯ ತೋಟಾ ಬಂತು, ಟಕ್ ಹೋಗಲಿಲ್ಲ. ಯಾರೋ ಟ್ರಿಗರ್ ಹಗುರ ಮಾಡುವ ಸ್ಕ್ರೂ ತಿರುಗಿಸಿದ್ದಾರೆ ಎಂದೆ. ಸಾರ್, ತಿರುಗಿಸಿದರೆ ಗೊತ್ತಾಗಲೆಂದು ಸ್ಕ್ರೂವಿನ ಮೇಲೆ ಹಚ್ಚಿದ್ದ ಕೆಂಪು ಬಣ್ಣ ಬಿರುಕು ಬಿಟ್ಟಿಲ್ಲ ಎಂದು ತೋರಿಸಿದರು. ಬಣ್ಣವನ್ನು ಆಮೇಲೆ ಹಚ್ಚಿರಬಹುದಲ್ಲ ಎಂದೆ. ಅವರು ರೈಫಲ್ಲನ್ನು ಪೆಟ್ಟಿಗೆಗೆ ಹಾಕಿ, "ನೀನು ಬಾಮ್ಮ, ಪೀಣ್ಯಕ್ಕೆ ಹೋಗೋಣ. ಅಲ್ಲಿ ವಾದ ಮಾಡು," ಎಂದರು.

ಪೀಣ್ಯ ಎರಡನೇ ಹಂತದಲ್ಲಿ, ಲೇತುಗಳ ಕಿರುಚಾಟದ ನಡುವೆ, ಗುರುಬಸಪ್ಪನವರ ಪುಟ್ಟ ವರ್ಕ್‌ಶಾಪಿದೆ. ಗದಗಿನ ಕಡೆಯವರು, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು. ಬಂದೂಕು ರಿಪೇರಿಯ ಲೈಸೆನ್ಸು ಬಸವಣ್ಣನ ಪಟದ ಪಕ್ಕದಲ್ಲೇ ಕಟ್ಟು ಹಾಕಿಸಿ ತೂಗುಹಾಕಿದ್ದರು. ಆ ಮಧ್ಯಾಹ್ನ ಸಾರ್ ರೈಫಲ್ ಖಾಲಿ ಇದೆ ಎಂದು ಮೂರು ಸಲ ತೋರಿಸಿ ಕೊಟ್ಟರು. ಗುರುಬಸಪ್ಪನವರು ಹತ್ತು ಸಲ ಬೋಲ್ಟ್ ಮುಚ್ಚಿದರು. ಒಮ್ಮೆಯೂ ತಾನಾಗಿ ಟಕ್ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾನು ಸುಳ್ಳುಗಾತಿ ಎಂದು ಈ ಕಬ್ಬಿಣವೇ ಸಾಕ್ಷಿ ಹೇಳುತ್ತಿದೆಯಲ್ಲ ಎಂದು ನನ್ನ ವಾದ ಸರಣಿ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಎಷ್ಟೊತ್ತಿಗೆ ಕೈಕೊಡತೈತಿ, ಅಷ್ಟ ಹೇಳವಾ."

ಬೆಳಿಗ್ಗೆ ಎಂದೆ. ಬಿಸಿಲೇರಿದ ಮೇಲೆ? ಬಿಸಿಲೇರಿದ ಮೇಲೆ ಇಲ್ಲ. ಈ ಪ್ರಶ್ನೆಯನ್ನು ಎರಡು ಪುಟದ ಮನವಿಯಲ್ಲಿ ನಾನೇ ನನಗೆ ಕೇಳಿಕೊಂಡಿರಲಿಲ್ಲ. ಅವರು ಟ್ರಿಗರ್‌ನ ಪುಟ್ಟ ಪೆಟ್ಟಿಗೆಯನ್ನು ಬಿಚ್ಚಿ, ಕಿವಿಯ ಹತ್ತಿರ ಹಿಡಿದು, ಒಳಗಿನ ಒಂದು ತುಣುಕನ್ನು ಉಗುರಿನಿಂದ ಒತ್ತಿ ಬಿಟ್ಟರು. ಲೇತುಗಳ ಆ ಗದ್ದಲದಲ್ಲಿ ಅವರಿಗೆ ಏನು ಕೇಳಿಸಿತೋ. ಆಮೇಲೆ ಮೂಗಿನ ಹತ್ತಿರ ತಂದರು.

"ಕೊಬ್ಬರಿ ಎಣ್ಣಿ."

ಆಗ ಅವರು ಹೇಳಿದ್ದರ ಸಾರ ಇಷ್ಟು. ಬೋಲ್ಟ್ ಎಳೆದಾಗ ಆ ತುಣುಕು ತನ್ನ ಜಾಗಕ್ಕೆ ಹಾರಿ ಬಂದು ನಿಂತು, ಗುಂಡಿನ ಬೆನ್ನಿಗೆ ಬಡಿಯುವ ಸುತ್ತಿಗೆಯನ್ನು ತಡೆದು ಹಿಡಿಯಬೇಕು. ಹಗುರ ಟ್ರಿಗರ್‌ನಲ್ಲಿ ಅದನ್ನು ದೂಡುವ ಸ್ಪ್ರಿಂಗೂ ಬಡಪಾಯಿ. ಬೆಂಗಳೂರಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಅದು ಮುದುಕರು ಮೆಟ್ಟಿಲು ಹತ್ತಿದಂತೆ ಬರುತ್ತದೆ. ಅಷ್ಟರಲ್ಲಿ ನಾನು ಬೋಲ್ಟ್ ಮುಚ್ಚಿಯಾಗಿರುತ್ತದೆ, ತಡೆಯಿಲ್ಲದ ಸುತ್ತಿಗೆ ಅರೆಬಲದಲ್ಲಿ ಜಾರಿ ಟಕ್ ಎನ್ನುತ್ತದೆ. ಮಧ್ಯಾಹ್ನ ಎಣ್ಣೆ ಕರಗುತ್ತದೆ, ಬಂದೂಕು ಸಾಧುವಾಗುತ್ತದೆ.

ನಂಬಿದೆನೆ? ವಾಸನೆಯೊಂದೇ ಪುರಾವೆಯಾಗದು ಎಂದೆ. ಸೋಮಶೇಖರ್ ಸಾರ್ ತಲೆ ಚಚ್ಚಿಕೊಂಡರು. ಗುರುಬಸಪ್ಪನವರು ಮಾತ್ರ, ಖರೇ ಐತಿ ಎಂದು, ಟ್ರಿಗರ್ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪಕ್ಕದ ಬೇಕರಿಗೆ ನಡೆದರು. ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟುಗಳ ನಡುವೆ ಅದನ್ನಿಟ್ಟಾಗ ಬೇಕರಿಯವನು ತಿನ್ನೋದಾ ಸಾರ್ ಎಂದು ಕೇಳಿದ. ಹತ್ತು ನಿಮಿಷ ನಾವು ಮೂವರೂ ಬನ್ನು ತಿಂದೆವು. ತೆಗೆದು ಒತ್ತಿದಾಗ ಆ ತುಣುಕು ಒಳಗೆ ಹೋದದ್ದು ತಕ್ಷಣ ಬರಲೇ ಇಲ್ಲ. ಬಂದಾಗ ನಾನು ಮನಸ್ಸಿನಲ್ಲೇ ಮೂರು ಎಣಿಸಿದ್ದೆ. ಅವರು ಅದನ್ನು ಎರಡು ಅಂಗೈ ನಡುವೆ ಗುಬ್ಬಚ್ಚಿ ಮರಿಯಂತೆ ಮುಚ್ಚಿ ಹಿಡಿದರು. ಸ್ವಲ್ಪ ಹೊತ್ತಿಗೆ ಬಿಚ್ಚಿ ಒತ್ತಿದರು. ಚಟ್. ಖಂಡನೆಗೆ ಅಂಶ ಹುಡುಕಿದೆ, ಒಂದೂ ಸಿಗಲಿಲ್ಲ. ಇನ್ನೊಮ್ಮೆ ತೋರಿಸಿ ಎಂದು ಮಾತ್ರ ಕೇಳಬೇಕೆನಿಸಿತು. ಕೇಳಿದೆ. ಅವರು ಇನ್ನೊಮ್ಮೆ ತೋರಿಸಿದರು.

ಇದಕ್ಕೆ ತಲೆಗೆ ಹಚ್ಚೋ ಎಣ್ಣೆ ಯಾರು ಹಾಕಿದ್ರು ಅಂತ ಪತ್ತೆ ಮಾಡ್ಬೇಕು ಎಂದು ಸಾರ್ ಗುಡುಗಿದರು. ಆಗ ನನಗೆ ಆಯುಧಪೂಜೆ ನೆನಪಾಯಿತು. ಅವತ್ತು ಕ್ಲಬ್ಬಿನ ರೈಫಲ್‌ಗಳನ್ನೆಲ್ಲ ಸಾಲಾಗಿ ಇಟ್ಟು ಅರಿಸಿನ, ಕುಂಕುಮ, ಹೂವು ಏರಿಸಿದ್ದರು. ಸೂಕ್ಷ್ಮ ಯಂತ್ರಕ್ಕೆ ಪುಡಿ ಬಳಿಯುವುದು ಅವೈಜ್ಞಾನಿಕ ಎಂದು ಸಣ್ಣ ಭಾಷಣ ಮಾಡಿ, ಮಂಗಳಾರತಿ ಆರುವ ಮೊದಲೇ ನನ್ನ ರೈಫಲ್ಲನ್ನು ಎತ್ತಿಕೊಂಡು ಹೋಗಿದ್ದೆ. ಕುಂಕುಮ ಬಿಡಿಸಲು ಹತ್ತಿಯನ್ನು ಅದ್ದಿದ್ದು ಎದುರಿಗಿದ್ದ ಬಟ್ಟಲಲ್ಲಿ. ದೀಪಕ್ಕೆಂದು ಇಟ್ಟಿದ್ದ ಕೊಬ್ಬರಿ ಎಣ್ಣೆ. ವಿಜ್ಞಾನವನ್ನು ಕಾಪಾಡುವ ಉತ್ಸಾಹದಲ್ಲಿ ಟ್ರಿಗರ್ ಸಂದಿಗೂ ಧಾರಾಳವಾಗಿ ಹಿಂಡಿದ್ದೆ.

ಸುಮ್ಮನಿರಬಹುದಿತ್ತು. ನಾನೇ ಎಂದೆ. ಹೇಳಿ, ರೂಢಿಯಂತೆ ಪರಿಸ್ಥಿತಿ, ಉದ್ದೇಶ ಎಲ್ಲ ವಿವರಿಸತೊಡಗಿದೆ. ಗುರುಬಸಪ್ಪನವರು ಆ ತುಣುಕುಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತಾ, ತಲೆಯೆತ್ತದೆ ಹೇಳಿದರು:

"ಒರಸಿದ್ದು ತಪ್ಪಲ್ಲ ಬಿಡವಾ. ಎಣ್ಣಿ ಯಾವುದಂತ ನೋಡಬೇಕಿತ್ತು."

ಸ್ಕ್ರೂವನ್ನು ಅವರು ಮುಟ್ಟಲೇ ಇಲ್ಲ. ತೊಳೆದ ಮೇಲೆ, ನಾನು ಕೇಳದೆಯೇ, ಇನ್ನೊಮ್ಮೆ ಫ್ರಿಜ್ಜಿಗೆ ಹೊರಟರು. ಈ ಸಲ ಮಂಜಿನಂಥ ತಂಪಿನಲ್ಲೂ ಚಟ್ ಎಂದಿತು.

ಆಯ್ಕೆಯ ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಅರವತ್ತು ಗುಂಡು, ಅರವತ್ತೂ ನಾನು ಹೇಳಿದಾಗಲೇ ಹೊರಟವು. ಅಷ್ಟು ನಿಷ್ಠೆಯ ಬಂದೂಕನ್ನು ನಾನು ಕಂಡಿಲ್ಲ. ಪಟ್ಟಿ ಹಚ್ಚಿದಾಗ ಮೂರು ಅಂಕದಿಂದ ನನ್ನ ಹೆಸರು ಗೆರೆಯ ಕೆಳಗಿತ್ತು. ಗಾಳಿ ಇತ್ತು, ಎದುರು ಬಿಸಿಲಿತ್ತು, ಪಕ್ಕದವನು ಬೇಕೆಂದೇ ಕೆಮ್ಮುತ್ತಿದ್ದ. ಮೂರಕ್ಕೂ ಪುರಾವೆ ನನ್ನ ಬಳಿ ಸಿದ್ಧವಾಗಿತ್ತು. ಸೋಮಶೇಖರ್ ಸಾರ್ ಬಂದು ಬಂದೂಕು ಹೇಗಿತ್ತು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಲು ಪಕ್ಕದ ಕುರ್ಚಿಯನ್ನೇ ಎಳೆದುಕೊಂಡರು.

"ಚೆನ್ನಾಗಿತ್ತು ಸಾರ್. ಹೊಡೆದಿದ್ದು ನಾನು," ಎಂದೆ.

ಅವರು ಉಳಿದದ್ದಕ್ಕೆ ಕಾದರು. ಉಳಿದದ್ದು ಬರಲಿಲ್ಲ. ಕೊನೆಗೆ ಗಾಬರಿಯಾಗಿ, ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆ ತಾನೆ ಎಂದು ವಿಚಾರಿಸಿದರು.