ಅನ್ನೂರಿನಲ್ಲಿ ಜಾರಿದ ಸ್ವರ

ಇದು ನಿಜವಾಗಿ ನಡೆದದ್ದು. ನಂಬದವರು ಕಾರಮಡೈಯ ಆ ಮದುವೆಯಲ್ಲಿ ಉಂಡವರನ್ನು ಕೇಳಬಹುದು. ಅವರಿಗೆ ಮದುಮಗಳ ಹೆಸರು ಮರೆತಿದ್ದೀತು, ಪ್ರಕೃತಿಯ ಹೆಸರು ಮರೆತಿಲ್ಲ.

ಎಲ್ಲಕ್ಕೂ ಮೂಲ ಒಂದೇ ಒಂದು ಸ್ವರ. ತುಮಕೂರಿನ ಪ್ರಕೃತಿ ವಾರವಿಡೀ ಕೊಯಮತ್ತೂರಿನ ಪಂಪ್ ಕಾರ್ಖಾನೆಯಲ್ಲಿ ಮೋಟಾರುಗಳ ಸದ್ದು ಪರೀಕ್ಷಿಸುತ್ತಿದ್ದಳು. ಭಾನುವಾರ ಸಂಜೆ ಒಂದು ಕೆಫೆಯಲ್ಲಿ ಜಾಝ್ ಹಾಡುತ್ತಿದ್ದಳು. ಹೋದ ತಿಂಗಳು ಅನ್ನೂರಿನ ಮದುವೆಯೊಂದರಲ್ಲಿ ವಾಲಗದ ಲಿಂಗಪ್ಪನ್ ಅವರ ಸ್ಯಾಕ್ಸಫೋನ್ ಕೇಳಿದಳು. ಮೇಲೇರಿದ ಸ್ವರ ಒಂದು ಕಡೆ ಜಾರಿತು, ನಡುಗಿತು, ಅರ್ಧ ಉಸಿರು ಗಂಟಲಲ್ಲೇ ನಿಂತು ಬಿಕ್ಕಿತು. ಪ್ರಕೃತಿಯ ಕೈಯಲ್ಲಿದ್ದ ಜಾಂಗೀರು ಸೀರೆಯ ಮೇಲೆ ಬಿತ್ತು. ಜಾಝಿನ ಜೀವ ಇಲ್ಲೇ ಇದೆ ಎಂದು ಅವಳು ತೀರ್ಮಾನಿಸಿದಳು.

ಅಂದಿನಿಂದ ಬಚ್ಚಲಲ್ಲಿ ಅಭ್ಯಾಸ. ಮನೆ ಓನರ್ ವಿಜಯಮ್ಮ ಶುಂಠಿ ಕಷಾಯ ಹಿಡಿದು ಬಾಗಿಲು ತಟ್ಟಿದರು. “ಹೊಟ್ಟೆ ನೋವಾ ಕಣ್ಣಮ್ಮಾ? ಬೀದಿಯೆಲ್ಲ ಕೇಳ್ತಾ ಐತೆ.” ಪಕ್ಕದ ಮನೆಯ ರಾಮಮೂರ್ತಿ ಕಿಟಕಿ ಮುಚ್ಚುತ್ತಾ, “ಪ್ರಕೃತಿ ವಿಕೋಪ ಶುರುವಾಯ್ತು” ಎನ್ನುತ್ತಿದ್ದರು. ಕೆಫೆಯ ಮಾಲೀಕ ಲೋಗನಾಥನ್ ಅಂತೂ ಕಡೆಯ ಮಾತು ಹೇಳಿಬಿಟ್ಟಿದ್ದ: ಈ ಭಾನುವಾರ ಒಬ್ಬ ಗಿರಾಕಿಯಾದರೂ ಚಮಚ ಕೆಳಗಿಟ್ಟು ಹಾಡು ಕೇಳಬೇಕು. ಇಲ್ಲವಾದರೆ ಮುಂದಿನ ವಾರದಿಂದ ಅವಳು ನಿಲ್ಲುವ ಜಾಗದಲ್ಲಿ ಐಸ್‌ಕ್ರೀಮ್ ಫ್ರಿಜ್ ನಿಲ್ಲುತ್ತದೆ.

ಆದ್ದರಿಂದ ಆ ಭಾನುವಾರ ಬೆಳಗ್ಗೆಯೇ ಪ್ರಕೃತಿ ಕಾರಮಡೈಯ ಕಲ್ಯಾಣ ಮಂಟಪ ಹೊಕ್ಕು ಲಿಂಗಪ್ಪನ್ ಅವರ ಕಾಲಿಗೆ ಬಿದ್ದಳು. ತಲೆಮಾರುಗಳಿಂದ ಅಲ್ಲೇ ನೇಯ್ದು, ವಾಲಗ ಊದಿ ಬದುಕಿದ ಮನೆತನ ಅವರದು. ಮಾತು ಕನ್ನಡ, ಮಾತಿನ ರಾಗ ತಮಿಳು.

“ಅಣ್ಣಾ, ಅನ್ನೂರಲ್ಲಿ ನುಡಿಸಿದ್ರಲ್ಲ, ಆ ಸ್ವರ ಹೇಳ್ಕೊಡಿ. ಇವತ್ತು ಸಂಜೆಗೆ ಬೇಕು.”

“ಯಾವ ಸ್ವರ ಅಮ್ಮಿಣಿ?”

ಪ್ರಕೃತಿ ಹಾಡಿ ತೋರಿಸಿದಳು. ಕಾಫಿ ತರುತ್ತಿದ್ದವನು ಬಂದ ದಾರಿಯಲ್ಲೇ ವಾಪಸು ಹೋದ. ಲಿಂಗಪ್ಪನ್ ಪಕ್ಕದಲ್ಲಿದ್ದ ತಮ್ಮನ ಕಡೆ ದುರುಗುಟ್ಟಿ ನೋಡಿದರು. ತವಿಲ್ ಡೋಲು ಬಾರಿಸುವ ಆ ತಮ್ಮ ನಂಜಪ್ಪನ್, ಬಿಗಿಯಾಗಿಯೇ ಇದ್ದ ತವಿಲ್ ಪಟ್ಟಿಯನ್ನು ಮತ್ತೆ ಬಿಗಿಯತೊಡಗಿದ.

“ಅದಾ,” ಎಂದರು ಲಿಂಗಪ್ಪನ್, ಬಹಳ ಗಂಭೀರವಾಗಿ. “ಅದು ಪರಂಪರೇಲಿ ಬಂದದ್ದು. ಹೇಳಿಕೊಟ್ರೆ ಬರಾದಿಲ್ಲ. ಸುಮ್ಮ ಪಕ್ಕದಲ್ಲಿ ಕೂತ್ಕೊ.”

“ಕೂತ್ರೆ ಸಾಕಾ?” ಎಂದ ನಂಜಪ್ಪನ್, ಅವಳ ಕಿವಿಯ ಹತ್ತಿರ ಬಗ್ಗಿ. “ನಾ ಹುಬ್ಬು ಎತ್ತಿದಾಗೆಲ್ಲ ಅದೇ ಸ್ವರ ಹಾಡು ಅಮ್ಮಿಣಿ. ಅಣ್ಣನಿಗೆ ನಾಚಿಕೆ, ಬಾಯ್ಬಿಟ್ಟು ಹೇಳಲ್ಲ.”

ನಂಜಪ್ಪನ ಹುಬ್ಬುಗಳು ಅಂದು ಕೆಳಗಿಳಿಯಲೇ ಇಲ್ಲ. ಮದುಮಗ ಮಣೆಯ ಮೇಲೆ ಕೂತ, ಪ್ರಕೃತಿ ಬಿಕ್ಕಿದಳು. ಮದುಮಗಳು ಬಂದಳು, ಪ್ರಕೃತಿ ಇನ್ನೂ ಜೋರಾಗಿ ಬಿಕ್ಕಿದಳು. ಸಭೆಯಲ್ಲಿ ಗುಸುಗುಸು ಹಬ್ಬಿತು. ಅಳುತ್ತಿರುವ ಈ ಹುಡುಗಿ ಗಂಡಿನ ಕಡೆಯವಳೆಂದು ಹೆಣ್ಣಿನವರೂ, ಹೆಣ್ಣಿನ ಕಡೆಯವಳೆಂದು ಗಂಡಿನವರೂ ತಿಳಿದಿದ್ದರು. ಯಾರ ಕಡೆಯೂ ಅಲ್ಲವೆಂದು ಗೊತ್ತಾದಾಗ ಎಲ್ಲರ ಕಣ್ಣೂ ಒಟ್ಟಿಗೆ ಮದುಮಗನತ್ತ ತಿರುಗಿದವು. ಅವನ ಮುಖ ಹಿಂಡಿದ ಪಂಚೆಯಂತಾಯಿತು.

“ಯಾರಪ್ಪಾ ಆಕೆ?” ಎಂದರು ಮಾವನವರು.

“ದೇವರಾಣೆ ಗೊತ್ತಿಲ್ಲ ಮಾಮಾ.”

ಅಷ್ಟರಲ್ಲಿ ಹುಬ್ಬು ಮತ್ತೆ ಏರಿತು. ಅವಳ ಸದ್ದು ಮುಚ್ಚಲು ಲಿಂಗಪ್ಪನ್ ಗಟ್ಟಿಮೇಳ ಊದಿಯೇಬಿಟ್ಟರು. ಗಟ್ಟಿಮೇಳ ಕೇಳಿದ ಜನ ಅಕ್ಷತೆ ಎಸೆದುಬಿಟ್ಟರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಇಬ್ಬರು ಅತ್ತೆಯರು ಪ್ರಕೃತಿಯನ್ನು ಎತ್ತಿಕೊಂಡು ಹೋಗಿ ಊಟದ ಮನೆಯಲ್ಲಿ ಕೂರಿಸಿ, ತಾಳಿ ಕಟ್ಟುವವರೆಗೂ ಬಾಯಿ ತೆರೆಯದಂತೆ ಲಡ್ಡು ತುರುಕಿದರು.

ಮದುವೆ ಮುಗಿಸಿ ಹೋಗುವಾಗ ಅವಳ ಮುಖ ನೋಡಿ ಲಿಂಗಪ್ಪನ್ ಕರಗಿದರು. “ಅಳಬೇಡ ಅಮ್ಮಿಣಿ. ಸಾಯಂಕಾಲ ನಾವೇ ಬರ್ತೀವಿ. ನಿಂಗೆ ಆ ಸ್ವರ ಬರುತ್ತೆ. ಬರಿಸ್ತೀವಿ.”

ಸಂಜೆ ಅಣ್ಣ ತಮ್ಮ ಇಬ್ಬರೂ ಜರಿ ಪಂಚೆಯಲ್ಲೇ ಕೆಫೆಗೆ ಬಂದು ಮುಂದಿನ ಮೇಜಿಗೆ ಕೂತರು. ಪ್ರಕೃತಿ ಹಾಡತೊಡಗಿದಳು. ಚಮಚಗಳು ತಟ್ಟೆಯ ಮೇಲೆ ತಾಳ ಹಾಕುತ್ತಲೇ ಇದ್ದವು. ಹೊರಗೆ ಗಾಡಿಯಿಂದ ಐಸ್‌ಕ್ರೀಮ್ ಫ್ರಿಜ್ ಇಳಿಯುತ್ತಿತ್ತು. ಸ್ವರ ಮೇಲೇರುವ ಜಾಗ ಬಂತು. ಅವಳು ಗುರುವಿನತ್ತ ನೋಡಿದಳು.

ನಂಜಪ್ಪನ್ ಮಡಿಲಿನ ಪೊಟ್ಟಣ ಬಿಚ್ಚಿದ. ಉಪ್ಪು ಖಾರ ಸವರಿದ ಹಸಿ ಮಾವಿನಕಾಯಿ ಹೋಳೊಂದನ್ನು ಎತ್ತಿ ಹಿಡಿದು, ಕಟುಮ್ಮನೆ ಕಚ್ಚಿ, ಒಂದು ಕಣ್ಣು ಮುಚ್ಚಿ, ಕೆನ್ನೆ ಒಳಕ್ಕೆಳೆದು ಚೀಪಿದ.

ಪ್ರಕೃತಿಯ ಬಾಯಲ್ಲಿ ಅಣೆಕಟ್ಟೆಯ ಬಾಗಿಲು ತೆರೆಯಿತು. ಸ್ವರ ಜಾರಿತು, ನಡುಗಿತು, ಅರ್ಧ ಉಸಿರು ಗಂಟಲಲ್ಲೇ ನಿಂತು ಬಿಕ್ಕಿತು. ಅದೇ ಸ್ವರ, ಅನ್ನೂರಿನದೇ.

ಚಮಚಗಳೆಲ್ಲ ಕೆಳಗಿಳಿದವು. ಆಮೇಲೆ ಚಪ್ಪಾಳೆ. ಲೋಗನಾಥನ್ ಕರ್ಚೀಫು ಹಿಡಿದು ಬಂದ. ಇಷ್ಟು ಚಿಕ್ಕ ವಯಸ್ಸಿಗೆ ಎಷ್ಟು ನೋವು ತಿಂದಿದ್ದೀಯಮ್ಮ ಎಂದು ತಮಿಳಿನಲ್ಲಿ ಗದ್ಗದಿತನಾದ.

“ತಿಂದದ್ದು ನಾನಲ್ಲ ಸಾರ್,” ಎಂದಳು ಪ್ರಕೃತಿ ಬಾಯಿ ಒರೆಸಿಕೊಳ್ಳುತ್ತಾ, “ಅವರು.”

“ಊದೋವನ ಎದುರು ಹುಳಿ ತಿಂದ್ರೆ ಬಾಯೆಲ್ಲ ನೀರು,” ಎಂದರು ಲಿಂಗಪ್ಪನ್ ತಲೆ ಬಗ್ಗಿಸಿ. “ಅನ್ನೂರಲ್ಲಿ ಈ ಪಾಪಿ ನಂಗೂ ಇದೇ ಮಾಡಿದ್ದ. ನಮ್ಮಪ್ಪನಿಗೆ ನಮ್ಮ ಮಾಮ ಮಾಡ್ತಿದ್ದ. ಪರಂಪರೆ ಅಂದದ್ದು ಸುಳ್ಳಲ್ಲ.”

ಲೋಗನಾಥನ್ ಅದಾವುದನ್ನೂ ಕೇಳಿಸಿಕೊಳ್ಳದೆ ಮೈಕ್ ಹಿಡಿದು, ಇನ್ನು ಪ್ರತಿ ಭಾನುವಾರ ಇದೇ ಸ್ವರ, ಹಾಡಿಗೆ ಮೂರು ಸಲ ಎಂದು ಸಾರಿದ. ಫ್ರಿಜ್ ಇಟ್ಟುಕೊಂಡೇ ಇರಿ, ಬೇಕಾದೀತು ಎನ್ನಬೇಕೆನಿಸಿದರೂ ಪ್ರಕೃತಿ, ಮುಂದಿನ ವಾರವೂ ಬಂದಾನೆಂದು, ನಂಜಪ್ಪನ ಕಡೆ ಆಸೆಯಿಂದ ತಿರುಗಿದಳು.

“ಮುಂದಿನ ಭಾನುವಾರ ಮಡತ್ತುಕುಳಂನಲ್ಲಿ ಕಲ್ಯಾಣ ಅಮ್ಮಿಣಿ,” ಎಂದ ಅವನು, ಕೊನೆಯ ಹೋಳು ಚೀಪುತ್ತಾ. “ಆಮೇಲೆ ಮಾವಿನಕಾಯಿ ಸೀಸನ್ನೂ ಮುಗೀತು.”

ಅಣ್ಣ ನಕ್ಕರು, ತಮ್ಮ ನಕ್ಕ. ಅವರಿಬ್ಬರನ್ನೂ ಮುಳುಗಿಸುವಂತೆ ಪ್ರಕೃತಿ ನಕ್ಕಳು. ಕಣ್ಣಲ್ಲಿ ನೀರು, ಬಾಯಲ್ಲಿ ನೀರು, ಮೇಜು ಹಿಡಿದುಕೊಂಡು, ಉಸಿರು ಸಿಗದೆ. ಇದೂ ಜಾಝೇ ಇರಬೇಕೆಂದು ಜನ ಮತ್ತೆ ಚಮಚ ಕೆಳಗಿಟ್ಟರು.